ಉಪ್ಪಿನೊಳಗೆ ನ್ಯೂಟ್ರಿನೊ ಸದ್ದು ಮಾಡೀತೇ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಮಿನುಗುವ ಬೆಳಕಿನಿಂದ ನ್ಯೂಟ್ರಿನೊಗಳನ್ನು ಪತ್ತೆ ಮಾಡುತ್ತಾರೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ನೆಲದಡಿಯ ಉಪ್ಪಿನಲ್ಲಿ ಅವು ಮಾಡುವ ಸದ್ದು ಕೇಳಿಯೂ ಹಿಡಿಯಬಹುದು ಎಂದು ಈಚೆಗೆ ಓದಿದೆ. ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿ ಹೋಗುವ ಕಣ ಸದ್ದು ಮಾಡುವುದು ಹೇಗೆ? ಉಪ್ಪೇ ಯಾಕೆ? ಯಾರಾದರೂ ಆ ಸದ್ದು ಕೇಳಿದ್ದಾರೆಯೇ? ಆಳದ ಗಣಿ ಬೇಕೆಂದರೆ ನಮ್ಮ ಕೋಲಾರದಲ್ಲೇ ಇದೆಯಲ್ಲ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಇವತ್ತಿನವರೆಗೆ ಉಪ್ಪಿನಲ್ಲಾಗಲಿ, ಸಮುದ್ರದಲ್ಲಾಗಲಿ, ಮಂಜುಗಡ್ಡೆಯಲ್ಲಾಗಲಿ ನ್ಯೂಟ್ರಿನೊದ ಸದ್ದನ್ನು ಯಾರೂ ಕೇಳಿಲ್ಲ. ಆದರೂ ಇದನ್ನು ಬರೀ ಕನಸು ಎಂದು ತಳ್ಳಿಹಾಕುವಂತಿಲ್ಲ. ಸದ್ದು ಹುಟ್ಟುವ ಬಗೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡಿದ್ದಾಗಿದೆ, ಅದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಹುಟ್ಟಿದ ಸದ್ದು ಎಷ್ಟು ದೂರ ಹೋಗುತ್ತದೆ ಎಂಬಲ್ಲಿ. ಉಪ್ಪಿನ ಕಥೆಯೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ನ್ಯೂಟ್ರಿನೊ ತಾನಾಗಿ ಸದ್ದು ಮಾಡುವುದಿಲ್ಲ. ಅದಕ್ಕೆ ವಿದ್ಯುದಾವೇಶವಿಲ್ಲ, ಹಾದಿಯಲ್ಲಿ ಅದು ಯಾವ ಗುರುತನ್ನೂ ಬಿಡುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಪರಮಾಣುವಿನ ನ್ಯೂಕ್ಲಿಯಸ್‌ಗೆ ನೇರವಾಗಿ ಬಡಿಯುತ್ತದೆ. ಬಡಿದಾಗ ಅದರ ಶಕ್ತಿಯಲ್ಲಿ ಸರಾಸರಿ ಐದರಲ್ಲೊಂದು ಪಾಲು ಕಣಗಳ ಸುರಿಮಳೆಯಾಗಿ ಅಲ್ಲೇ ಚೆಲ್ಲುತ್ತದೆ. ಒಂದು ಕಣ ಹತ್ತಾಗಿ, ಹತ್ತು ನೂರಾಗಿ, ಕೊನೆಗೆ ಕೋಟಿಗಟ್ಟಲೆ ಕಣಗಳು ಕೆಲವೇ ಮೀಟರ್ ಉದ್ದದ, ಬೆರಳೆರಡರಷ್ಟು ದಪ್ಪದ ಒಂದು ಗೆರೆಯೊಳಗೆ ತಮ್ಮ ಶಕ್ತಿಯನ್ನು ಸುರಿದು ನಿಲ್ಲುತ್ತವೆ. ಸುರಿದ ಶಕ್ತಿ ಶಾಖವಾಗುತ್ತದೆ. ಬಿಸಿಯಾದದ್ದು ಹಿಗ್ಗುತ್ತದೆ, ಹಿಗ್ಗುವಾಗ ಸುತ್ತಲಿನದನ್ನು ತಳ್ಳುತ್ತದೆ. ಆ ತಳ್ಳೇ ನಾವು ಕೇಳಬೇಕಾದ ಸದ್ದು.

ಎಷ್ಟು ಶಾಖ ಎಂದು ಕೇಳಿದರೆ ನಿಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ನಾವು ಮಾತಾಡುತ್ತಿರುವುದು 10ರ 18ನೆಯ ಘಾತದಷ್ಟು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ, ಅದಕ್ಕೂ ಮೇಲಿನ ನ್ಯೂಟ್ರಿನೊಗಳ ಬಗ್ಗೆ. ಜೂಲ್‌ಗೆ ಇಳಿಸಿದರೆ ಅದು 0.16 ಜೂಲ್. ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ನೆಲದಿಂದ ಒಂದು ಮೀಟರ್ ಮೇಲಕ್ಕೆತ್ತಲು ಬೇಕಾದಷ್ಟು ಶಕ್ತಿ. ಕಣ್ಣಿಗೆ ಕಾಣದ ಒಂದೇ ಕಣದಲ್ಲಿ ಇಷ್ಟು! ಅದರ ಐದನೆಯ ಒಂದು ಪಾಲು ಕೆಲವು ಕಿಲೋ ಉಪ್ಪಿನ ಮೇಲೆ ಬಿದ್ದರೆ ತಾಪ ಏರುವುದು ಒಂದು ಡಿಗ್ರಿಯನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಇಷ್ಟರಿಂದ ಸದ್ದಾಗುವುದುಂಟೇ ಎನಿಸುತ್ತದೆ. ಆಗುತ್ತದೆ, ಕಾರಣ ಅದರ ವೇಗ. ಮೂರು ಮೀಟರ್ ಗೆರೆಯನ್ನು ಕಣಗಳು ಬಿಸಿ ಮಾಡಿ ಮುಗಿಸಲು ಸುಮಾರು 10 ನ್ಯಾನೊಸೆಕೆಂಡ್ ಸಾಕು. ಉಪ್ಪಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 4,560 ಮೀಟರ್ ಓಡುತ್ತದೆ. ಆ ಗೆರೆಯ ದಪ್ಪ ನಾಲ್ಕು ಸೆಂಟಿಮೀಟರ್ ಎಂದುಕೊಂಡರೆ ಅದನ್ನು ದಾಟಲು ಶಬ್ದಕ್ಕೆ ಸುಮಾರು 9 ಮೈಕ್ರೊಸೆಕೆಂಡ್ ಬೇಕು, ಅಂದರೆ ಒಂಬೈನೂರು ಪಟ್ಟು ಹೆಚ್ಚು ಸಮಯ. ಹಿಗ್ಗಿ ಜಾಗ ಮಾಡಿಕೊಳ್ಳಲು ವಸ್ತುವಿಗೆ ಪುರಸೊತ್ತೇ ಸಿಗುವುದಿಲ್ಲ. ಒತ್ತಡ ಒಮ್ಮೆಲೇ ಕಟ್ಟಿಕೊಂಡು ಹೊರಗೆ ಸಿಡಿಯುತ್ತದೆ.

ಸಿಡಿದ ಅಲೆಗೆ ಒಂದು ಆಕಾರವಿದೆ. ಮೂಲ ಉದ್ದನೆಯ ಗೆರೆಯಾದ್ದರಿಂದ ಸದ್ದು ಗೋಳವಾಗಿ ಹರಡದೆ ಗೆರೆಗೆ ಅಡ್ಡಲಾಗಿ, ಜೋಳದ ರೊಟ್ಟಿಯಂತೆ ಚಪ್ಪಟೆಯಾಗಿ ಹರಡುತ್ತದೆ. ರೊಟ್ಟಿಯ ಸಮತಲದಲ್ಲಿರುವ ಸಂವೇದಕಗಳಿಗೆ ಸದ್ದು ಕೇಳಿಸುತ್ತದೆ, ಮೇಲೆ ಕೆಳಗೆ ಇರುವವಕ್ಕೆ ಏನೂ ತಿಳಿಯುವುದಿಲ್ಲ. ಇದು ತೊಂದರೆಯೂ ಹೌದು, ವರವೂ ಹೌದು. ತೊಂದರೆ ಏಕೆಂದರೆ ಸಂವೇದಕಗಳನ್ನು ವಿರಳವಾಗಿ ಹಾಕಿದರೆ ರೊಟ್ಟಿ ಅವುಗಳ ನಡುವೆಯೇ ನುಸುಳಿಹೋಗುತ್ತದೆ. ವರ ಏಕೆಂದರೆ ಯಾವ ಬಿರುಕೂ ಯಾವ ಯಂತ್ರವೂ ಇಷ್ಟು ಅಚ್ಚುಕಟ್ಟಾದ ಚಪ್ಪಟೆ ಅಲೆ ಹುಟ್ಟಿಸುವುದಿಲ್ಲ. ನಾಲ್ಕಾರು ಕಡೆ ಒಂದೇ ಸಮತಲದಲ್ಲಿ ಸದ್ದು ಸಿಕ್ಕಿತೆಂದರೆ ಅದಕ್ಕೆ ನೆಟ್ಟಗೆ ನಿಂತ ದಿಕ್ಕೇ ನ್ಯೂಟ್ರಿನೊ ಬಂದ ದಿಕ್ಕು. ಇನ್ನೊಂದು ಅನುಕೂಲವೂ ಇದೆ. ಇಷ್ಟು ಶಕ್ತಿಯ ನ್ಯೂಟ್ರಿನೊಗಳಿಗೆ ಭೂಮಿ ಪಾರದರ್ಶಕವಲ್ಲ. ಇಡೀ ಭೂಗೋಳ ತೂರಿ ಕೆಳಗಿನಿಂದ ಬರಲು ಅವಕ್ಕೆ ಆಗದು, ಹೆಚ್ಚಾಗಿ ದಿಗಂತದ ಕಡೆಯಿಂದ ಅಡ್ಡಡ್ಡ ಬರುತ್ತವೆ. ಅಡ್ಡ ಬಂದ ಕಣದ ಸದ್ದಿನ ರೊಟ್ಟಿ ನೆಟ್ಟಗೆ ನಿಲ್ಲುತ್ತದೆ. ನಾವು ಕೊರೆಯುವ ಬೋರ್‌ವೆಲ್ಲೂ ನೆಟ್ಟಗೇ ಇರುತ್ತದಲ್ಲ, ಒಂದೇ ಕೊಳವೆಯಲ್ಲಿ ಇಳಿಬಿಟ್ಟ ಹಲವು ಸಂವೇದಕಗಳು ಒಟ್ಟಿಗೇ ಕಿವಿಗೊಡಬಹುದು.

ಈ ಯೋಚನೆ ಹಳೆಯದು. ಮಾಸ್ಕೋದ ಲೆಬೆಡೆವ್ ಸಂಸ್ಥೆಯ ಗುರ್ಗೆನ್ ಅಸ್ಕಾರ್ಯಾನ್ 1957ರಲ್ಲೇ ಆವೇಶವುಳ್ಳ ಕಣಗಳು ದ್ರವದಲ್ಲಿ ಸದ್ದು ಹುಟ್ಟಿಸುತ್ತವೆ ಎಂದು ಬರೆದಿದ್ದರು. 1970ರ ದಶಕದ ಕೊನೆಗೆ ಹವಾಯಿಯ ಬಳಿ ಸಮುದ್ರದಾಳದಲ್ಲಿ ನ್ಯೂಟ್ರಿನೊ ದೂರದರ್ಶಕ ಕಟ್ಟುವ ಮಾತು ನಡೆದಾಗ ಅದಕ್ಕೆ ಮತ್ತೆ ಜೀವ ಬಂತು. ಅಮೆರಿಕದ ಲ್ಯಾರಿ ಸುಲಾಕ್ ಮತ್ತು ಸಂಗಡಿಗರು ಬ್ರೂಕ್‌ಹೇವನ್‌ನಲ್ಲಿ ಪ್ರೋಟಾನ್ ಧಾರೆಯನ್ನು ದ್ರವದ ತೊಟ್ಟಿಗೆ ಬಿಟ್ಟು, ದ್ರವದೊಳಗೆ ಆಲಿಸುವ ಮೈಕಾದ ಹೈಡ್ರೊಫೋನ್‌ನಿಂದ ಆಲಿಸಿದರು. 1979ರಲ್ಲಿ ಅದರ ಫಲಿತಾಂಶ ಹೊರಬಂತು.

ಆ ಪ್ರಯೋಗದ ಒಂದು ಭಾಗವನ್ನು ನೀವು ತರಗತಿಯಲ್ಲಿ ಖಂಡಿತ ಹೇಳಬೇಕು. ಸದ್ದು ಬರುತ್ತಿರುವುದು ಬಿಸಿಯಾಗಿ ಹಿಗ್ಗುವುದರಿಂದಲೇ, ಬೇರೆ ಯಾವುದರಿಂದಲೂ ಅಲ್ಲ ಎಂದು ತೋರಿಸುವುದು ಹೇಗೆ? ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರವಾಗಿರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆ ತಾಪದಲ್ಲಿ ತುಸು ಬಿಸಿ ಮಾಡಿದರೆ ನೀರು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾದರೆ ಪ್ರೋಟಾನ್ ಧಾರೆ ಎಷ್ಟೇ ಶಾಖ ಸುರಿದರೂ 4 ಡಿಗ್ರಿಯ ಸುಮಾರಿಗೆ ಸದ್ದು ಅಡಗಬೇಕು. ನೀರನ್ನು ತಣಿಸುತ್ತಾ ಹೋದಂತೆ ಸದ್ದು ಸಣ್ಣದಾಗುತ್ತಾ ಬಂತು, 4 ಡಿಗ್ರಿಯ ಆಸುಪಾಸಿನಲ್ಲಿ ಅಡಗಿತು, ಅದಕ್ಕೂ ಕೆಳಗೆ ತಲೆಕೆಳಗಾಗಿ ಮತ್ತೆ ಕಾಣಿಸಿಕೊಂಡಿತು. ಮೊದಲು ತಳ್ಳಿ ಆಮೇಲೆ ಎಳೆಯುತ್ತಿದ್ದ ಅಲೆ ಈಗ ಮೊದಲು ಎಳೆದು ಆಮೇಲೆ ತಳ್ಳುತ್ತಿತ್ತು, ಏಕೆಂದರೆ ಆ ತಾಪದಲ್ಲಿ ಬಿಸಿಯಾದ ನೀರು ಕುಗ್ಗುತ್ತದೆ. ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ಒಂದು ಸಿದ್ಧಾಂತವನ್ನು ಒರೆಗೆ ಹಚ್ಚಿದ ಪ್ರಯೋಗಗಳು ನನಗೆ ಬಹಳ ಪ್ರಿಯ.

ಇಲ್ಲಿಂದ ಉಪ್ಪಿಗೆ ಹೋಗುವುದು ಸುಲಭ. ಸುರಿದ ಶಾಖದಲ್ಲಿ ಎಷ್ಟು ಪಾಲು ಒತ್ತಡವಾಗುತ್ತದೆ ಎಂಬುದಕ್ಕೆ ಗ್ರುನೈಸನ್ ಸಂಖ್ಯೆ ಎಂಬ ಅಳತೆ ಇದೆ. ಶಬ್ದವೇಗದ ವರ್ಗವನ್ನು ವ್ಯಾಕೋಚನ ಗುಣಾಂಕದಿಂದ ಗುಣಿಸಿ ವಿಶಿಷ್ಟೋಷ್ಣದಿಂದ ಭಾಗಿಸಿದರೆ ಅದು ಸಿಗುತ್ತದೆ. ಸಮುದ್ರದ ನೀರಿಗೆ 0.15, ದಕ್ಷಿಣ ಧ್ರುವದ ಮಂಜುಗಡ್ಡೆಗೆ 1.12, ಉಪ್ಪಿಗೆ 2.87. ಅದೇ ಶಾಖ ಸುರಿದರೂ ಉಪ್ಪಿನಲ್ಲಿ ಕಟ್ಟಿಕೊಳ್ಳುವ ಒತ್ತಡ ಸಮುದ್ರದ ನೀರಿಗಿಂತ ಹತ್ತೊಂಬತ್ತು ಪಟ್ಟು. ಉಪ್ಪಿಗೆ ಶಬ್ದವೇಗ ಹೆಚ್ಚು, ಬೇಗ ಬಿಸಿಯಾಗುವ ಗುಣವೂ ಇದೆ. ಸಾಲದ್ದಕ್ಕೆ ಅದರ ಸಾಂದ್ರತೆ ನೀರಿನ ಎರಡು ಪಟ್ಟಿಗಿಂತ ಹೆಚ್ಚು, ಅದೇ ಗಾತ್ರದಲ್ಲಿ ನ್ಯೂಟ್ರಿನೊ ಬಡಿಯಲು ಎರಡರಷ್ಟು ಗುರಿಗಳು.

ಇನ್ನು ಯಾವ ಉಪ್ಪು? ನಮ್ಮಲ್ಲಿ ಕಲ್ಲುಪ್ಪು ಅಂದರೆ ಸಾಣಿಕಟ್ಟೆಯಂಥ ಗದ್ದೆಗಳಲ್ಲಿ ಸಮುದ್ರದ ನೀರು ಬತ್ತಿಸಿ ತೆಗೆದ ದಪ್ಪ ಹರಳಿನ ಉಪ್ಪು. ಇಲ್ಲಿ ಬೇಕಾದದ್ದು ಅದಲ್ಲ, ಭೂಮಿಯೊಳಗೆ ಬಂಡೆಯಾಗಿ ಕೂತ ಉಪ್ಪು, ನಾವು ಸೈಂಧವ ಲವಣ ಎನ್ನುವ ಜಾತಿ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಗ್ರಂಥಿಗೆ ಅಂಗಡಿಯಿಂದ ತಂದ ಅದರ ಒಂದು ಹೆಂಟೆ ಇದೆ. ಬೆಳಕಿಗೆ ಹಿಡಿದರೆ ಒಳಗೆ ಕಡಲೆಕಾಳಿನ ಗಾತ್ರದ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದು ಕಾಣುತ್ತದೆ. ಹರಳು ಹರಳಿನ ನಡುವೆ ಬೆಳಕು ಮುರಿದು ಮಂಜುಮಂಜಾಗುತ್ತದೆ. ಈ ಮಂಜನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ವಿಜ್ಞಾನಿಗಳ ಕಣ್ಣು ಬಿದ್ದದ್ದು ಉಪ್ಪಿನ ಗುಮ್ಮಟಗಳ ಮೇಲೆ. ಅಮೆರಿಕದ ಟೆಕ್ಸಸ್, ಲೂಸಿಯಾನ ಕರಾವಳಿಯಲ್ಲಿ ಇಂಥವು ನೂರಾರು ಇವೆ. ಪುರಾತನ ಸಮುದ್ರ ಬತ್ತಿ ಉಳಿದ ಉಪ್ಪಿನ ಪದರದ ಮೇಲೆ ಕಿಲೋಮೀಟರುಗಟ್ಟಲೆ ಮಣ್ಣು ಮರಳು ಬಿದ್ದು ಗಟ್ಟಿಯಾಯಿತು. ಮೇಲಿನ ಬಂಡೆಗಿಂತ ಉಪ್ಪು ಹಗುರ, ಒತ್ತಡದಲ್ಲಿ ಮೆಲ್ಲಮೆಲ್ಲನೆ ಹರಿಯುವ ಗುಣವೂ ಅದಕ್ಕಿದೆ. ಲಕ್ಷಾಂತರ ವರ್ಷಗಳಲ್ಲಿ ಅದು ಬಂಡೆಯನ್ನು ಸೀಳಿಕೊಂಡು ಕಂಬದಂತೆ ಮೇಲೆದ್ದಿತು. ಏಳುವಾಗ ಕಲಸಿ ನಾದಿದಂತಾಗಿ ಒಳಗಿನ ನೀರು ಬಹುಪಾಲು ಹಿಂಡಿಹೋಗಿ, ಹರಳುಗಳು ಹೊಸದಾಗಿ ಕಟ್ಟಿಕೊಂಡವು. ಬಿಸಿ ಬಾಣಲೆಗೆ ಕಲ್ಲುಪ್ಪು ಹಾಕಿದರೆ ಚಟಪಟ ಸಿಡಿಯುವುದು ಹರಳಿನೊಳಗೆ ಸಿಕ್ಕಿಬಿದ್ದ ನೀರಿನಿಂದ. ಗುಮ್ಮಟದ ಉಪ್ಪಿನಲ್ಲಿ ಅಂಥ ನೀರು ಬಹಳ ಕಡಿಮೆ. ಮೂರು ಕಿಲೋಮೀಟರ್ ಅಗಲ, ಮೂರು ಕಿಲೋಮೀಟರ್ ಆಳದ ಒಂದು ಗುಮ್ಮಟದಲ್ಲಿ ಸುಮಾರು 21 ಘನ ಕಿಲೋಮೀಟರ್ ಉಪ್ಪಿರುತ್ತದೆ, ತೂಕದಲ್ಲಿ 45 ಘನ ಕಿಲೋಮೀಟರ್ ನೀರಿಗೆ ಸಮ.

ಅಷ್ಟು ದೊಡ್ಡದು ಯಾಕೆ ಬೇಕು ಎಂಬುದನ್ನೂ ಹೇಳಬೇಕು. ಬಾಹ್ಯಾಕಾಶದಿಂದ ಬರುವ ಅತಿಶಕ್ತಿಯ ಕಣಗಳು, ಅಂದರೆ ವಿಶ್ವಕಿರಣಗಳು, ಬ್ರಹ್ಮಾಂಡದ ಆದಿಬೆಳಕಿನ ಉಳಿಕೆಯಾದ ಮೈಕ್ರೊವೇವ್ ಹಿನ್ನೆಲೆಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತವೆ ಎಂದು 1966ರಲ್ಲಿ ಗ್ರೈಸನ್ ಒಂದು ಕಡೆ, ಜಾಟ್ಸೆಪಿನ್ ಮತ್ತು ಕುಜ್ಮಿನ್ ಇನ್ನೊಂದು ಕಡೆ ತೋರಿಸಿದರು. ಆ ಡಿಕ್ಕಿಗಳಲ್ಲಿ ಹುಟ್ಟುವ ನ್ಯೂಟ್ರಿನೊಗಳು ಎಲ್ಲೂ ತಡೆಯಿಲ್ಲದೆ ನಮ್ಮವರೆಗೆ ಬರಬೇಕು. ಆದರೆ ಒಂದು ಘನ ಕಿಲೋಮೀಟರಿನಲ್ಲಿ ವರ್ಷಕ್ಕೆ ಒಂದು ಬಡಿದರೂ ಅದೃಷ್ಟ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ವೀಕ್ಷಣಾಲಯ 2010ರ ಡಿಸೆಂಬರ್‌ನಲ್ಲಿ ಕಟ್ಟಿ ಮುಗಿದಾಗ ಅದರಲ್ಲಿ 86 ಕೊಳವೆಗಳು, 5,160 ಬೆಳಕಿನ ಸಂವೇದಕಗಳು ಇದ್ದವು, ಕೊಳವೆಯಿಂದ ಕೊಳವೆಗೆ ಸುಮಾರು 125 ಮೀಟರ್. ಅಷ್ಟು ಹತ್ತಿರ ಹಾಕಬೇಕಾದದ್ದು ಮಂಜುಗಡ್ಡೆಯಲ್ಲಿ ಬೆಳಕು ಬಹಳ ದೂರ ಹೋಗುವುದಿಲ್ಲವೆಂದು. ಇದೇ ಲೆಕ್ಕದಲ್ಲಿ ನೂರು ಘನ ಕಿಲೋಮೀಟರ್ ತುಂಬಲು ಎಂಟು ಸಾವಿರದ ಆರುನೂರು ಕೊಳವೆ ಕೊರೆಯಬೇಕು. ಸಂವೇದಕಗಳನ್ನು ಕಿಲೋಮೀಟರಿಗೊಂದರಂತೆ ಹಾಕಿ ಕೆಲಸ ಸಾಗುವುದಾದರೆ ನೂರು ಚಿಲ್ಲರೆ ಸಾಕು. ಬೆಳಕು ಬಿಟ್ಟು ರೇಡಿಯೊ ಅಲೆ, ಶಬ್ದದ ಅಲೆಗಳ ಹಿಂದೆ ಹೋದದ್ದು ಇದಕ್ಕೇ. 2023ರ ಫೆಬ್ರುವರಿ 13ರಂದು ಸಿಸಿಲಿಯ ಬಳಿ ಸಮುದ್ರದಾಳದ ನ್ಯೂಟ್ರಿನೊ ದೂರದರ್ಶಕವಾದ ಕೆಎಂ3ನೆಟ್‌ನಲ್ಲಿ ಸಿಕ್ಕ ನ್ಯೂಟ್ರಿನೊದ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ನಾವು ಮಾತಾಡುತ್ತಿರುವ ಶಕ್ತಿಯ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಇಂಥವು ನಿಜಕ್ಕೂ ಇವೆ ಎಂದು ಅದು ತೋರಿಸಿಕೊಟ್ಟಿತು.

ಈಗ ಮಂಜಿನ ಮಾತಿಗೆ ಬರೋಣ. 2006ರಲ್ಲಿ ಬರ್ಕ್‌ಲಿಯ ಬ್ಯೂಫರ್ಡ್ ಪ್ರೈಸ್ ಹಿಮದಲ್ಲೂ ಉಪ್ಪಿನ ಗುಮ್ಮಟದಲ್ಲೂ ಶಬ್ದ ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕಿದರು. ಶಬ್ದ ಕ್ಷೀಣಿಸುವುದು ಎರಡು ರೀತಿ. ಒಂದು, ವಸ್ತು ಅದನ್ನು ಹೀರಿಕೊಂಡು ಶಾಖವಾಗಿಸುವುದು. ಇನ್ನೊಂದು, ಹರಳಿನ ಅಂಚುಗಳಿಗೆ ತಾಗಿ ಅತ್ತಿತ್ತ ಚದುರಿಹೋಗುವುದು. ಹೀರಿಕೆಯ ವಿಷಯದಲ್ಲಿ ಉಪ್ಪಿಗೆ ಸಾಟಿಯಿಲ್ಲ. 30 ಕಿಲೋಹರ್ಟ್ಸ್‌ನ ಶಬ್ದವನ್ನು ಅದು ಹೀರಿ ಮುಗಿಸಬೇಕಾದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬೇಕು ಎಂದು ಲೆಕ್ಕ ಬಂತು. ಯಾವ ಗುಮ್ಮಟವೂ ಅಷ್ಟು ದೊಡ್ಡದಿಲ್ಲ, ಹೀರಿಕೆಯನ್ನು ಮರೆತೇಬಿಡಬಹುದು. ಚದುರಿಕೆಯನ್ನು ಮರೆಯುವಂತಿಲ್ಲ. ಮುಕ್ಕಾಲು ಸೆಂಟಿಮೀಟರ್ ಗಾತ್ರದ ಹರಳುಗಳಿದ್ದರೆ 10 ಕಿಲೋಹರ್ಟ್ಸ್ ಶಬ್ದ ಚದುರದೆ 120 ಕಿಲೋಮೀಟರ್ ಹೋಗುತ್ತದೆ, 30 ಕಿಲೋಹರ್ಟ್ಸ್ ಆದರೆ ಬರೀ 1.4 ಕಿಲೋಮೀಟರ್.

ಮೂರು ಪಟ್ಟು ಆವೃತ್ತಿಗೆ ದೂರ ಎಂಬತ್ತು ಪಟ್ಟು ಕುಸಿದದ್ದು ನೋಡಿ. ಇದು ರ‍್ಯಾಲೆ ಚದುರಿಕೆ, ಆಕಾಶ ನೀಲಿಯಾಗಿರುವುದಕ್ಕೆ ಮಕ್ಕಳಿಗೆ ಹೇಳುತ್ತೀರಲ್ಲ ಅದೇ ನಿಯಮ. ಆವೃತ್ತಿಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಚದುರಿಕೆ ಏರುತ್ತದೆ, ಮೂರರ ನಾಲ್ಕನೆಯ ಘಾತ 81. ಹರಳಿನ ಗಾತ್ರವಾದರೆ ಮೂರನೆಯ ಘಾತ. ಹಾಗಾದರೆ ನ್ಯೂಟ್ರಿನೊ ಉಪ್ಪಿನಲ್ಲಿ ಹುಟ್ಟಿಸುವ ಸದ್ದಿನ ಆವೃತ್ತಿ ಎಷ್ಟು? ಬಿಸಿಯಾದ ಗೆರೆ ಸಣ್ಣದಾದಷ್ಟೂ, ಶಬ್ದ ವೇಗವಾಗಿ ಓಡಿದಷ್ಟೂ ಸ್ವರ ಏರುತ್ತದೆ. ಸಮುದ್ರದಲ್ಲಿ ಸದ್ದು ತೀವ್ರವಾಗಿರುವುದು 8 ಕಿಲೋಹರ್ಟ್ಸ್ ಹತ್ತಿರ, ಮಂಜುಗಡ್ಡೆಯಲ್ಲಿ 20ರ ಹತ್ತಿರ, ಉಪ್ಪಿನಲ್ಲಿ 42ರ ಹತ್ತಿರ. ಪ್ರೈಸ್ ಅವರ ಅಂಕಿಯನ್ನು ಅದೇ ನಿಯಮದಿಂದ 42ಕ್ಕೆ ಎಳೆದರೆ 1.4 ಕಿಲೋಮೀಟರ್ ಇಳಿದು ಸುಮಾರು 360 ಮೀಟರ್ ಆಗುತ್ತದೆ. ಹರಳುಗಳು ಎರಡರಷ್ಟು ದಪ್ಪ ಇದ್ದುಬಿಟ್ಟರೆ ಅದರ ಎಂಟನೆಯ ಒಂದು ಪಾಲು, 45 ಮೀಟರ್. ಉಪ್ಪಿಗೆ ಗಟ್ಟಿಯಾಗಿ ಕೂಗುವ ಕಂಠವಿದೆ, ಆದರೆ ಅದು ಕೂಗುವ ಸ್ವರವನ್ನೇ ಅದರ ಹರಳುಗಳು ಚೆಲ್ಲಾಪಿಲ್ಲಿ ಮಾಡುತ್ತವೆ. ನನ್ನ ಮೇಜಿನ ಮೇಲಿನ ಹೆಂಟೆಯಲ್ಲಿ ಬೆಳಕು ಮಂಜಾಗುವಂತೆ ಗುಮ್ಮಟದಲ್ಲಿ ಶಬ್ದ ಮಂಜಾಗುತ್ತದೆ. ಕಡಿಮೆ ಆವೃತ್ತಿಯ ಭಾಗ ಮಾತ್ರ ದೂರ ತಲುಪುತ್ತದೆ, ಅದರಲ್ಲಿ ಶಕ್ತಿ ಕಡಿಮೆ.

ಲೆಕ್ಕ ಒಂದು, ನೆಲದಡಿಯ ನಿಜ ಇನ್ನೊಂದು ಎಂಬುದನ್ನು ಕಲಿಸಿದ್ದು ಮಂಜುಗಡ್ಡೆ. ಅದೇ ಪ್ರಬಂಧದಲ್ಲಿ ದಕ್ಷಿಣ ಧ್ರುವದ ಹಿಮದಲ್ಲಿ ಶಬ್ದ ಸುಮಾರು 9 ಕಿಲೋಮೀಟರ್ ಹೋಗುತ್ತದೆ ಎಂಬ ಅಂದಾಜಿತ್ತು. ಅದನ್ನು ಪರೀಕ್ಷಿಸಲು ಸ್ಪ್ಯಾಟ್ಸ್ ಎಂಬ ಪ್ರಯೋಗವನ್ನು 2007ರಲ್ಲಿ ಐಸ್‌ಕ್ಯೂಬ್‌ನ ಕೊಳವೆಗಳಲ್ಲೇ ಇಳಿಸಿದರು. ನಾಲ್ಕು ಹಗ್ಗಗಳಲ್ಲಿ ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೊ ಸಂವೇದಕಗಳು, 500 ಮೀಟರ್ ಆಳದವರೆಗೆ. ಹೊಸ ಕೊಳವೆ ಕೊರೆದಾಗಲೆಲ್ಲ, ನೀರು ಹೆಪ್ಪುಗಟ್ಟುವ ಮೊದಲು, ಟಿಕ್ ಟಿಕ್ ಸದ್ದು ಮಾಡುವ ಪಿಂಗರ್ ಒಂದನ್ನು ಇಳಿಬಿಟ್ಟು ದೂರದ ಸಂವೇದಕಗಳಲ್ಲಿ ಆಲಿಸಿದರು. ಉತ್ತರ ಬಂತು: ಸುಮಾರು 300 ಮೀಟರ್. ಅಂದಾಜಿಗಿಂತ ಮೂವತ್ತು ಪಟ್ಟು ಕಡಿಮೆ. ಕಿಲೋಮೀಟರಿಗೊಂದು ಸಂವೇದಕ ಹಾಕುವ ಯೋಜನೆ ಮಂಜುಗಡ್ಡೆಯಲ್ಲಿ ಅಲ್ಲಿಗೆ ನಿಂತಿತು. ಆದರೆ ಆ ತಂಡ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಬೆಲೆಯುಳ್ಳ ಅಳತೆ. ಅವರ ಸಂವೇದಕಗಳಿಗೆ ಸಿಡಿತದ ಸದ್ದುಗಳೂ ಸಿಕ್ಕವು. ಎಲ್ಲಿಂದ ಎಂದು ಗುರುತಿಸಿದರೆ ಅವೆಲ್ಲ ಕೊರೆಯಲು ಬಿಸಿನೀರು ತೆಗೆದ ಬಾವಿಗಳ ಸುತ್ತ ಮತ್ತು ಹೊಸದಾಗಿ ಹೆಪ್ಪುಗಟ್ಟುತ್ತಿದ್ದ ಕೊಳವೆಗಳಿಂದ. ಮನುಷ್ಯ ಕೈಯಿಟ್ಟ ಕಡೆ ಮಾತ್ರ ಹಿಮ ಸದ್ದು ಮಾಡುತ್ತಿತ್ತು, ಉಳಿದಂತೆ ಮೌನ.

ಸಮುದ್ರದಲ್ಲಿ ಆ ಮೌನವಿಲ್ಲ. ಬಹಾಮಾಸ್‌ನಲ್ಲಿ ಅಮೆರಿಕ ನೌಕಾಪಡೆಯ ಹೈಡ್ರೊಫೋನ್‌ಗಳನ್ನು ಬಳಸಿದ ಸಾಂಡ್, ಸ್ಕಾಟ್ಲೆಂಡಿನ ರೋನಾ ಬಳಿಯ ಅಕಾರ್ನ್, ಫ್ರಾನ್ಸಿನ ತೂಲೋನ್ ಬಳಿ ಅಂಟಾರೆಸ್ ಎಂಬ ನ್ಯೂಟ್ರಿನೊ ದೂರದರ್ಶಕದ ಜೊತೆಗಿದ್ದ ಅಮೆಡಿಯಸ್, ಇವೆಲ್ಲ ವರ್ಷಗಟ್ಟಲೆ ಆಲಿಸಿವೆ. ಅಲೆ, ಮಳೆ, ಹಡಗು ಎಲ್ಲದರ ಗದ್ದಲ. ಡಾಲ್ಫಿನ್‌ಗಳ ಕ್ಲಿಕ್ ಸದ್ದಂತೂ ನ್ಯೂಟ್ರಿನೊದ ಸದ್ದನ್ನೇ ಹೋಲುತ್ತದೆ. ಉಪ್ಪಿನಲ್ಲಿ ಡಾಲ್ಫಿನ್ ಇಲ್ಲ, ಗಾಳಿ ಇಲ್ಲ. ಆದರೆ ಗಣಿಯ ಸುರಂಗ ಕೊರೆದ ಕಡೆ ಉಪ್ಪು ಸುಮ್ಮನಿರುವುದಿಲ್ಲ. ಖಾಲಿ ಜಾಗದತ್ತ ಮೆಲ್ಲಗೆ ಹರಿಯುತ್ತಾ, ಒಳಗೊಳಗೇ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತಾ ಇರುತ್ತದೆ. ಜರ್ಮನಿಯ ಆಸೆ, ಮೋರ್ಸ್‌ಲೇಬನ್ ಉಪ್ಪಿನ ಗಣಿಗಳಲ್ಲಿ ಇಂಥ ಬಿರುಕುಗಳ ಸದ್ದನ್ನೇ ಆಲಿಸಿ ಗೋಡೆಗಳ ಸ್ಥಿತಿ ಅಳೆಯುತ್ತಾರೆ. ಆ ಸದ್ದುಗಳು ನಮಗೆ ಬೇಕಾದ ಕಿಲೋಹರ್ಟ್ಸ್ ವ್ಯಾಪ್ತಿಯಲ್ಲೇ ಬರುತ್ತವೆ. ಆದ್ದರಿಂದ ನ್ಯೂಟ್ರಿನೊಗಾಗಿ ಕಿವಿಗೊಡುವುದಾದರೆ ಗಣಿಯಿಂದ ದೂರ, ಯಾರೂ ಮುಟ್ಟದ ಉಪ್ಪಿನೊಳಗೆ ಸಂವೇದಕ ಇರಬೇಕು. ಒಂದು ಸಮಾಧಾನವೆಂದರೆ, ಕೊಳವೆಯಲ್ಲಿಟ್ಟ ಸಂವೇದಕದ ಸುತ್ತ ಉಪ್ಪು ಕಾಲಕ್ರಮದಲ್ಲಿ ತಾನೇ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸದ್ದು ಸಂವೇದಕಕ್ಕೆ ದಾಟಲು ಅದಕ್ಕಿಂತ ಒಳ್ಳೆಯ ಬೆಸುಗೆ ಇಲ್ಲ.

ಕೆಲವರು ಇನ್ನೊಂದು ಆಸೆ ಇಟ್ಟುಕೊಂಡಿದ್ದರು. ಅದೇ ಅಸ್ಕಾರ್ಯಾನ್ 1962ರಲ್ಲಿ ಕಣಗಳ ಸುರಿಮಳೆ ರೇಡಿಯೊ ಅಲೆಯನ್ನೂ ಹೊಮ್ಮಿಸುತ್ತದೆ ಎಂದು ತೋರಿಸಿದ್ದರು, ಸ್ಟ್ಯಾನ್‌ಫರ್ಡ್‌ನ ವೇಗವರ್ಧಕದಲ್ಲಿ ಮೊದಲು ಮರಳಿನಲ್ಲಿ, ಆಮೇಲೆ ಉಪ್ಪಿನಲ್ಲಿ, ಹಿಮದಲ್ಲಿ ಅದು ಸಾಬೀತಾಯಿತು. ರೇಡಿಯೊ ಬೆಳಕಿನಂತೆ ಕ್ಷಣದಲ್ಲಿ ಬರುತ್ತದೆ, ಶಬ್ದ ಒಂದು ಕಿಲೋಮೀಟರಿಗೆ ಸುಮಾರು 0.22 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮುಂಗಾರಿನಲ್ಲಿ ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಬಿತ್ತೆಂದು ಹೇಳುತ್ತೇವಲ್ಲ, ಅದೇ ಉಪಾಯ. ಎರಡೂ ಒಂದೇ ಗೆರೆಯಿಂದ ಬಂದರೆ ಅದು ಬಿರುಕಿನ ಸದ್ದಲ್ಲ ಎಂಬುದೂ ಖಾತ್ರಿ, ಏಕೆಂದರೆ ಅಂಥ ರೇಡಿಯೊ ಮಿಂಚು ಬಿರುಕಿಗಿಲ್ಲ. ಪೀಟರ್ ಗೋರಮ್, ಡೇವಿಡ್ ಸಾಲ್ಟ್ಸ್‌ಬರ್ಗ್ ಮುಂತಾದವರು ಸಾಲ್ಸಾ ಎಂಬ ಹೆಸರಿನಲ್ಲಿ ಗುಮ್ಮಟದೊಳಗೆ ರೇಡಿಯೊ ಆಂಟೆನಾಗಳ ಜಾಲ ಯೋಚಿಸಿದರು, ಟೆಕ್ಸಸ್‌ನ ಹಾಕ್ಲಿ ಗಣಿಯಲ್ಲಿ ಅಳತೆ ಮಾಡಿದರು. ಜಪಾನಿನ ಮಸಾಮಿ ಚಿಬಾ ಬೇರೆ ಬೇರೆ ಗಣಿಗಳ ಉಪ್ಪನ್ನು ಪರೀಕ್ಷಿಸಿದರು. ಆದರೆ ಲೂಸಿಯಾನದ ಕೋಟ್ ಬ್ಲಾಂಷ್ ಗಣಿಯಲ್ಲಿ ಕೊಳವೆ ಕೊರೆದು ನೋಡಿದಾಗ 150 ಮೆಗಾಹರ್ಟ್ಸ್‌ನಲ್ಲಿ ರೇಡಿಯೊ ಕ್ಷೀಣಿಸುವ ದೂರ ನೂರು ಮೀಟರಿಗಿಂತ ಕಡಿಮೆ ಸಿಕ್ಕಿತು. ಧ್ರುವದ ತಣ್ಣನೆಯ ಹಿಮದಲ್ಲಿ ರೇಡಿಯೊ ಅದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಬಿಸಿನೀರಿನಿಂದ ಹಿಮ ಕೊರೆಯುವುದು ಉಪ್ಪು ಕೊರೆಯುವುದಕ್ಕಿಂತ ಸಲೀಸು ಕೂಡ. ರೇಡಿಯೊದವರು ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್‌ಗಳತ್ತ ನಡೆದರು. ಅವರ ನಿರ್ಧಾರ ಸರಿಯಾದದ್ದೇ.

ಇದರಿಂದ ಉಪ್ಪಿನಲ್ಲಿ ಗುಡುಗಿಗಿಂತ ಮೊದಲು ಮಿಂಚೇ ಆರಿಹೋಗುತ್ತದೆ. ಶಬ್ದ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ನಿಲ್ಲಬಲ್ಲದೇ? ಪ್ರೈಸ್ ಲೆಕ್ಕವೇ ಪೂರ್ತಿ ನಿಜವಾದರೂ ಸಂವೇದಕಗಳ ಅಂತರ ಐಸ್‌ಕ್ಯೂಬ್‌ಗಿಂತ ಎರಡು ಮೂರು ಪಟ್ಟು ಮಾತ್ರ ಹೆಚ್ಚೀತು, ಹತ್ತು ಪಟ್ಟು ಆಗದು ಎಂಬುದು ನನ್ನ ಅಂದಾಜು. ಒಂದು ಗುಮ್ಮಟದಲ್ಲಿ ಅದಕ್ಕಾಗಿ ನೂರಾರು ಆಳದ ಕೊಳವೆ ಕೊರೆಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಒಂದು ಪಿಂಗರ್, ನಾಲ್ಕಾರು ಸಂವೇದಕ, ಐನೂರು ಮೀಟರ್ ಅಂತರದ ಎರಡು ಕೊಳವೆ, ಇಷ್ಟರಿಂದ 10ರಿಂದ 50 ಕಿಲೋಹರ್ಟ್ಸ್‌ವರೆಗೆ ಸ್ಪ್ಯಾಟ್ಸ್ ಮಾಡಿದಂತೆ ಅಳೆಯಬೇಕು ಎಂದು ಖಂಡಿತ ಹೇಳುತ್ತೇನೆ. ಹಿಮದಲ್ಲಿ ಲೆಕ್ಕ ಮೂವತ್ತು ಪಟ್ಟು ತಪ್ಪಿತು. ಉಪ್ಪಿನಲ್ಲಿ ಯಾವ ಕಡೆಗೆ ತಪ್ಪಿದೆಯೋ ಕೂತಲ್ಲಿ ಹೇಳಲಾಗದು. ಹರಳುಗಳು ಏಳುವಾಗ ನಾದಿಸಿಕೊಂಡು ಸಣ್ಣವಾಗಿದ್ದರೆ ದೂರ ಹೆಚ್ಚೂ ಆಗಬಹುದು, ಅರ್ಧ ಗಾತ್ರಕ್ಕೆ ಎಂಟು ಪಟ್ಟು.

ಕೋಲಾರದ ಮಾತನ್ನು ಕೊನೆಗೆ ಉಳಿಸಿಕೊಂಡೆ, ಅದು ನನಗೂ ಹತ್ತಿರದ್ದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಕಂಡ ಎರಡು ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ. ಎರಡೂ 1965ರಲ್ಲೇ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಕೆಲಸ. ಎಂ.ಜಿ.ಕೆ. ಮೆನನ್ ಮತ್ತು ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅದರ ಮುಂದಾಳುಗಳು. ಆದರೆ ಅಲ್ಲಿ ಆಳ ಬೇಕಾದದ್ದು ಮೇಲಿನಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳನ್ನು ಬಂಡೆಯಿಂದ ತಡೆಯಲು. ಶಬ್ದಕ್ಕೆ ಬೇಕಾದದ್ದು ಆಳವಲ್ಲ, ಕಿಲೋಮೀಟರುಗಟ್ಟಲೆ ಒಂದೇ ಸಮನಾದ ವಸ್ತು. ಕೋಲಾರದ ಶಿಲೆ ಮಡಚಿ ತಿರುಚಿ, ನಡುನಡುವೆ ಬಿಳಿಗಲ್ಲಿನ ಎಳೆಗಳು ಸೇರಿ, ನೂರಕ್ಕೂ ಹೆಚ್ಚು ವರ್ಷಗಳ ಗಣಿಗಾರಿಕೆಯಿಂದ ಬಿರುಕು ಬಿಟ್ಟಿರುವಂಥದು. ಬಂಡೆ ಸಿಡಿಯುವುದನ್ನು ಆ ಗಣಿಗಳಲ್ಲಿ ದುಡಿದವರು ಮೈಯಲ್ಲೇ ಬಲ್ಲರು, ಅದನ್ನು ಆಲಿಸಲೆಂದೇ ಅಲ್ಲಿ ಕಂಪನಮಾಪಕಗಳನ್ನು ಹೂಡಿದ್ದರು. ಅಲ್ಲಿ ನ್ಯೂಟ್ರಿನೊದ ಸದ್ದು ಹುಡುಕುವುದು ಸಂತೆಯಲ್ಲಿ ಸೂಜಿ ಬಿದ್ದ ಸದ್ದು ಹುಡುಕಿದ ಹಾಗೆ. ನಮ್ಮ ದೇಶದಲ್ಲಿ ಗಣಿಯಿಂದ ತೆಗೆಯುವ ಬಂಡೆಯುಪ್ಪು ಹಿಮಾಚಲದ ಮಂಡಿಯದು, ಅದೂ ಮಣ್ಣು ಬೆರೆತದ್ದು.

ಉಪ್ಪಿನ ಗಣಿಗೂ ನ್ಯೂಟ್ರಿನೊಗೂ ನಂಟು ಮಾತ್ರ ಹಳೆಯದು. 1987ರ ಫೆಬ್ರುವರಿ 23ರಂದು ನೆರೆಯ ತಾರಾಗಣದಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳು ಭೂಮಿಗೆ ಬಂದಾಗ ಅವುಗಳಲ್ಲಿ ಎಂಟು ಸಿಕ್ಕಿದ್ದು ಅಮೆರಿಕದ ಓಹಾಯೊದಲ್ಲಿ, ಈರಿ ಸರೋವರದಡಿಯ ಉಪ್ಪಿನ ಗಣಿಯೊಳಗೆ ಇಟ್ಟಿದ್ದ ಐಎಂಬಿ ಎಂಬ ದೊಡ್ಡ ನೀರಿನ ತೊಟ್ಟಿಯಲ್ಲಿ. 4 ಡಿಗ್ರಿಯ ನೀರಿನಲ್ಲಿ ಸದ್ದು ಅಡಗುವುದನ್ನು ಕಂಡ ಸುಲಾಕ್ ಆ ತಂಡದಲ್ಲೂ ಇದ್ದರು. ಆ ದಿನ ಅವರ ತೊಟ್ಟಿಗೆ ಸಿಕ್ಕಿದ್ದು ಬೆಳಕು, ಸುತ್ತಲಿನ ಉಪ್ಪು ಬರೀ ಗೋಡೆಯಾಗಿತ್ತು.